ಗೂಡು ಕಾಯುವ ಮೀನಿಗೆ ಗಾಳವೇಕೆ?

ಮೀನಿಗೆ ಗಾಳ ಹಾಕುವುದರಲ್ಲಿ ವಿಜ್ಞಾನವೇನಿದೆ ಎಂದು ಕೆಲವರು ಕೇಳಬಹುದು. ಹಸಿದ ಮೀನು ಎರೆಯನ್ನು ನುಂಗುತ್ತದೆ, ದಡದಲ್ಲಿರುವವನು ಅದನ್ನು ಮೇಲಕ್ಕೆಳೆಯುತ್ತಾನೆ, ಇಷ್ಟೇ ಅಲ್ಲವೆ? ಆದರೆ ಹಸಿವಿಲ್ಲದ ಮೀನೂ ಗಾಳಕ್ಕೆ ಬಾಯಿ ಹಾಕುವುದುಂಟು. ಅದು ಏಕೆ ಹಾಗೆ ಮಾಡುತ್ತದೆ ಎಂಬುದನ್ನು ತಿಳಿದ ಮೇಲೆ, ಆ ಗಾಳವನ್ನು ಹಾಕುವುದು ಸರಿಯೆ ಎಂಬ ಪ್ರಶ್ನೆಯೂ ಏಳುತ್ತದೆ. ಈ ಪ್ರಶ್ನೆಯನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗಗಳ ಸಿಹಿನೀರಿನಲ್ಲಿ ಲಾರ್ಜ್‌ಮೌತ್ ಬಾಸ್, ಎಂದರೆ ದೊಡ್ಡಬಾಯಿಯ ಬಾಸ್, ಎಂಬ ಮೀನು ವಾಸಿಸುತ್ತದೆ. ಅದರ ಮೇಲ್ದವಡೆಯ ತುದಿ ಕಣ್ಣಿನ ಹಿಂಬದಿಯನ್ನೂ ದಾಟಿರುವುದರಿಂದ ಈ ಹೆಸರು ಬಂದಿದೆ. ಗಾಳದ ವಿನೋದದಲ್ಲಿ ಆಸಕ್ತರಾದ ಅಮೆರಿಕನ್ನರಿಗೆ ಇದಕ್ಕಿಂತ ಪ್ರಿಯವಾದ ಮೀನು ಅಪರೂಪ. ೧೯೩೨ರ ಜೂನ್ ೨ರಂದು ಜಾರ್ಜಿಯಾ ಸಂಸ್ಥಾನದಲ್ಲಿ ಜಾರ್ಜ್ ಪೆರ್ರಿ ಎಂಬುವರು ಹಿಡಿದ ಬಾಸ್ ಸುಮಾರು ೧೦ ಕಿಲೋಗ್ರಾಂ ತೂಗಿತು. ಆ ದಾಖಲೆಯನ್ನು ಸರಿಗಟ್ಟುವ ಇನ್ನೊಂದು ಮೀನು ದೊರೆತದ್ದು ೨೦೦೯ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ.

ಚಳಿಗಾಲದಲ್ಲಿ ಉತ್ತರದ ಸರೋವರಗಳ ಬಾಸ್ ಆಳದಲ್ಲಿ ಮಂದವಾಗಿರುತ್ತದೆ. ನೀರಿನ ಸಾಂದ್ರತೆ ಸುಮಾರು ೪ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಧಿಕವಷ್ಟೆ. ಆದುದರಿಂದ ಮೇಲೆ ಹಿಮಗಟ್ಟಿದ್ದರೂ ತಳದ ನೀರು ಅದಕ್ಕಿಂತ ಬೆಚ್ಚಗೇ ಉಳಿಯುತ್ತದೆ. ವಸಂತದಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ದಡದ ತೆಳುನೀರು ಸೂರ್ಯನ ಬಿಸಿಲಿಗೆ ಬೇಗನೆ ಕಾಯುತ್ತದೆ. ಬಡಗಣ ಗಾಳಿಗೆ ಮರೆಯಾಗಿ, ತೆಂಕಣ ಬಿಸಿಲಿಗೆ ತೆರೆದಿರುವ ಮೂಲೆಗಳು ಎಲ್ಲಕ್ಕಿಂತ ಮೊದಲು ಕಾಯುತ್ತವೆ. ನೀರಿನ ಉಷ್ಣತೆ ೧೫ ಡಿಗ್ರಿಯನ್ನು ದಾಟುವ ವೇಳೆಗೆ ಗಂಡು ಮೀನುಗಳು ಅಲ್ಲಿ ಕಾಣಿಸಿಕೊಳ್ಳುತ್ತವೆ.

ಗಂಡು ಬಾಲದಿಂದ ಕೆಸರನ್ನು ಗುಡಿಸಿ, ತಳದಲ್ಲಿ ತಟ್ಟೆಯಂಥ ಗೂಡೊಂದನ್ನು ಮಾಡುತ್ತದೆ. ಹೆಣ್ಣು ಅದರಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಮುಂದಿನ ಹೊಣೆಯೆಲ್ಲ ತಂದೆಯದು. ಅದು ಮೊಟ್ಟೆಗಳ ಮೇಲೆ ರೆಕ್ಕೆಯಾಡಿಸಿ ಹೊಸ ನೀರನ್ನು ಹಾಯಿಸುತ್ತದೆ. ಹತ್ತಿರ ಬಂದ ಶತ್ರುಗಳನ್ನು ಅಟ್ಟುತ್ತದೆ. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಮರಿಗಳು ಹೊರಬಂದರೂ ಕಾವಲು ಮುಗಿಯುವುದಿಲ್ಲ. ಅವು ತಾವಾಗಿ ಬದುಕಬಲ್ಲಷ್ಟು ಬೆಳೆಯುವವರೆಗೆ ತಂದೆ ಅವುಗಳ ಹಿಂಡನ್ನು ಕಾಯುತ್ತದೆ. ಈ ಕಾಲದಲ್ಲಿ ಅದು ಉಣ್ಣುವುದು ಬಲು ಕಡಮೆ.

ಗುಡಿಸಿದ ಗೂಡು ತಿಳಿನೀರಿನಲ್ಲಿ ಬಿಳುಪಾದ ಬಿಲ್ಲೆಯಂತೆ ಎದ್ದು ಕಾಣುತ್ತದೆ. ನೀರಿನ ಮೇಲಿಂದ ಪ್ರತಿಫಲಿಸಿ ಬರುವ ಬೆಳಕು ಬಹುಮಟ್ಟಿಗೆ ಧ್ರುವೀಕೃತವಾದುದರಿಂದ, ತಕ್ಕ ಗಾಜಿನ ಕನ್ನಡಕವನ್ನು ಧರಿಸಿದವನಿಗೆ ಆ ಥಳುಕು ಮರೆಯಾಗಿ, ಗೂಡೂ ಅದರ ಕಾವಲುಗಾರನೂ ಸ್ಪಷ್ಟವಾಗಿ ತೋರುತ್ತವೆ. ಹುಸಿ ಎರೆಯೊಂದನ್ನು ಗೂಡಿನೊಳಗೆ ಇಳಿಸಿದರೆ ಸಾಕು. ತನ್ನ ಮರಿಗಳಿಗೆ ಆಪತ್ತು ಬಂದಿತೆಂದು ಗಂಡು ಅದನ್ನು ಬಾಯಲ್ಲಿ ಕಚ್ಚುತ್ತದೆ. ಅದು ಸಿಕ್ಕಿಬೀಳುವುದು ಹಸಿವಿನಿಂದಲ್ಲ, ಕರ್ತವ್ಯದಿಂದ ಎನ್ನಬಹುದು.

ಈ ಆಟದ ಪರವಾಗಿಯೂ ವಾದಗಳಿವೆ. ‘ನಾವು ಮೀನನ್ನು ಕೊಲ್ಲುವುದಿಲ್ಲ, ಹಿಡಿದು ಮರಳಿ ಬಿಡುತ್ತೇವೆ’ ಎನ್ನುತ್ತಾರೆ. ‘ಒಂದು ಗೂಡಿನಲ್ಲಿ ಸಾವಿರಾರು ಮೊಟ್ಟೆಗಳಿರುವಾಗ, ಕೆಲವು ಗೂಡುಗಳು ಉಳಿದರೂ ಸರೋವರ ತುಂಬುತ್ತದೆ’ ಎಂದೂ ಹೇಳುತ್ತಾರೆ. ಎರಡನೆಯ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಮರಿಗಳು ಕಡಮೆಯಾದಾಗ ಉಳಿದವಕ್ಕೆ ಆಹಾರ ಹೆಚ್ಚು ದೊರೆಯುತ್ತದೆ. ಬೆಚ್ಚನೆಯ ದಕ್ಷಿಣದ ವಿಶಾಲ ಜಲಾಶಯಗಳಲ್ಲಿ ನಷ್ಟ ಎದ್ದು ಕಾಣದಿರಬಹುದು. ಆದರೆ ಮೊದಲನೆಯ ಮಾತು ಅರ್ಧಸತ್ಯ. ತಂದೆ ದಡದ ಮೇಲಿರುವ ಹೊತ್ತಿನಲ್ಲಿ ಬ್ಲೂಗಿಲ್ ಮುಂತಾದ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿನ್ನುತ್ತವೆ. ಅದನ್ನು ತೂಗಿ, ಭಾವಚಿತ್ರ ತೆಗೆದು, ಬಳಲಿಸಿ ಬಿಟ್ಟಷ್ಟೂ ಅದು ಗೂಡನ್ನು ಶಾಶ್ವತವಾಗಿ ತೊರೆಯುವ ಸಂಭವ ಹೆಚ್ಚುತ್ತದೆ. ಮೀನು ಬದುಕಿತು, ಸಂತಾನ ಅಳಿಯಿತು ಎಂದಾಯಿತು.

ಇದಕ್ಕಿಂತ ಗಂಭೀರವಾದ ವಿಷಯವೊಂದಿದೆ. ಇಲಿನಾಯ್ ಸಂಸ್ಥಾನದ ರಿಜ್ ಲೇಕ್ ಎಂಬ ಸರೋವರದ ಬಾಸ್ ಮೀನುಗಳಲ್ಲಿ ಪದೇ ಪದೇ ಗಾಳಕ್ಕೆ ಸಿಕ್ಕವುಗಳನ್ನೂ ಒಮ್ಮೆಯೂ ಸಿಗದವುಗಳನ್ನೂ ಆರಿಸಿ, ವಿಜ್ಞಾನಿ ಡೇವಿಡ್ ಫಿಲಿಪ್ ಮತ್ತು ಸಹೋದ್ಯೋಗಿಗಳು ಬೇರೆ ಬೇರೆಯಾಗಿ ಮೂರು ತಲೆಮಾರು ಬೆಳೆಸಿದರು. ಗಾಳಕ್ಕೆ ಸಿಕ್ಕುವ ಸ್ವಭಾವವು ಒಂದು ಮಟ್ಟಿಗೆ ಆನುವಂಶಿಕವೆಂದು ೨೦೦೯ರಲ್ಲಿ ಪ್ರಕಟವಾದ ಅವರ ಫಲಿತಾಂಶ ತೋರಿಸಿತು. ೨೦೧೨ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಗಾಳಕ್ಕೆ ಸುಲಭವಾಗಿ ಸಿಕ್ಕುವ ಗಂಡುಗಳೇ ಗೂಡನ್ನು ಹೆಚ್ಚು ಶೌರ್ಯದಿಂದ ಕಾಯುವ ಉತ್ತಮ ತಂದೆಗಳೂ ಆಗಿರುತ್ತವೆ ಎಂದು ತಿಳಿಸಿತು. ಹಾಗಾದರೆ ವಸಂತದ ಗಾಳವು ಆರಿಸುವುದು ಯಾವುದನ್ನು? ಒಳ್ಳೆಯ ತಂದೆಯನ್ನೇ. ಕೃಷಿಕನು ಉತ್ತಮವಾದ ತೆನೆಯನ್ನು ಬಿತ್ತನೆಗೆಂದು ತೆಗೆದಿಡುತ್ತಾನೆ. ಇಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧ.

ಕಾನೂನುಗಳು ಎಲ್ಲೆಡೆ ಒಂದೇ ತೆರನಾಗಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತದ ಹಲವು ಭಾಗಗಳಲ್ಲಿ ವಸಂತದಲ್ಲಿ ಬಾಸ್ ಹಿಡಿಯುವುದಕ್ಕೇ ನಿಷೇಧವಿದೆ. ನ್ಯೂಯಾರ್ಕ್ ಸಂಸ್ಥಾನವು ೨೦೨೨ರಿಂದ, ಹಿಡಿದು ಕೂಡಲೆ ಬಿಡುವ ನಿಯಮದ ಮೇಲೆ ವಸಂತದಲ್ಲೂ ಅನುಮತಿ ಕೊಟ್ಟಿದೆ. ಟೆಕ್ಸಾಸ್ ಮತ್ತು ಫ್ಲಾರಿಡಾಗಳಲ್ಲಿ ಇಂಥ ನಿಷೇಧದ ಋತುವೇ ಇಲ್ಲ. ಉತ್ತರದಲ್ಲಿ ವಸಂತವೂ ಬೆಳೆಯುವ ಕಾಲವೂ ಚಿಕ್ಕವು. ಅಲ್ಲಿ ನಿಷೇಧವೇ ಉಚಿತವೆಂದು ನಮ್ಮ ಅಭಿಪ್ರಾಯ. ಕಾನೂನು ಸುಮ್ಮನಿರುವ ಕಡೆಗಳಲ್ಲಾದರೂ ಗಾಳಗಾರನು ಗೂಡಿನ ಮೇಲಿರುವ ಮೀನನ್ನು ತಾನಾಗಿ ಬಿಟ್ಟುಬಿಡಬೇಕು. ಗೂಡು ಕಟ್ಟುವ ಮುನ್ನ ಹಸಿದು ದಡದತ್ತ ಬರುವ ಮೀನಿದೆ. ಕಾವಲು ಮುಗಿಸಿದ ಮೀನಿದೆ. ವಿನೋದಕ್ಕೆ ಅವು ಸಾಲವೆ?

ನಾವು ಮೀನನ್ನು ಪೂಜಿಸಲು ಹೇಳುತ್ತಿಲ್ಲ. ೧೯೨೫ರಲ್ಲಿ ಜಪಾನಿಗೆ ತಂದುಬಿಟ್ಟ ಇದೇ ಬಾಸ್ ಅಲ್ಲಿಯ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು; ಬಿವಾ ಸರೋವರದಲ್ಲಿ ಹಿಡಿದ ಬಾಸನ್ನು ಮರಳಿ ನೀರಿಗೆ ಬಿಡುವುದನ್ನು ೨೦೦೩ರಿಂದ ನಿಷೇಧಿಸಲಾಗಿದೆ. ತನ್ನ ತೌರಿನಲ್ಲಿ ಕಾಪಾಡಬೇಕಾದ ಜೀವಿಯನ್ನು ಪರನಾಡಿನಲ್ಲಿ ತಡೆಯಬೇಕಾಗುವುದುಂಟು. ಯಾವ ಜೀವಿ, ಎಲ್ಲಿ, ಯಾವ ಕಾಲದಲ್ಲಿ ಎಂದು ವಿಚಾರಿಸಿ ನಡೆಯುವುದೇ ವಿಜ್ಞಾನದ ದಾರಿ.

ಈ ವಿಚಾರ ನಮಗೂ ಹೊಸತಲ್ಲ. ಮೀನುಗಳು ಮರಿಮಾಡುವ ಮಳೆಗಾಲದಲ್ಲಿ, ಜೂನ್ ೧ರಿಂದ ಜುಲೈ ೩೧ರವರೆಗೆ, ನಮ್ಮ ಕರಾವಳಿಯ ಯಂತ್ರದೋಣಿಗಳು ದಡ ಸೇರಿ ನಿಲ್ಲುತ್ತವೆ. ಅನ್ನಕ್ಕಾಗಿ ಕಡಲಿಗಿಳಿಯುವ ಮೀನುಗಾರನು ೬೧ ದಿನ ಕೈಕಟ್ಟಿ ಕೂರಬಲ್ಲನಾದರೆ, ವಿನೋದಕ್ಕಾಗಿ ಗಾಳ ಹಿಡಿದವನು ಕೆಲವು ವಾರ ಕಾಯಲಾರನೆ?