ಬಾಡಿಲ್ಲದ ಅಡಿಗೆ ಪುಸ್ತಕಕ್ಕೆ ದುಡ್ಡು ಯಾಕೆ?



ನಮ್ಮ ಕೇರಿಯ ಹುಡುಗನೊಬ್ಬ ಹೋಟೆಲ್ ಕೆಲಸದ ಕೋರ್ಸಿಗೆ ಸೇರಿದ್ದಾನೆ. ನಾಡಿನ ಅಡಿಗೆ ಮತ್ತು ವೈನು, ಎರಡರ ಬಗ್ಗೆಯೂ ಪುಸ್ತಕ ತನ್ನಿ ಎಂದು ಅವನ ಮೇಷ್ಟ್ರು ಹೇಳಿದ್ದರು. ಅವನ ಜೊತೆ ನಾವೂ ಅಂಗಡಿಗೆ ಹೋದೆವು. ನುಣುಪು ಕಾಗದ, ಬಣ್ಣದ ಚಿತ್ರ, ಕೂಲಿಯವನ ಒಂದು ವಾರದ ದುಡಿಮೆಯಷ್ಟು ಬೆಲೆ. ಇಡೀ ಕರ್ನಾಟಕದ ಅಡಿಗೆ ಇದರಲ್ಲೇ ಇದೆ ಎಂದು ರಟ್ಟಿನ ಮೇಲೆ ಹಾಕಿದ್ದರು. ಹಿಂದು ಮುಂದು ತಿರುವಿದೆವು. ಬಿಸಿಬೇಳೆ ಬಾತು, ಹೋಳಿಗೆ, ಉಡುಪಿಯ ಸಾರು, ಮಂಗಳೂರಿನ ಮೀನು, ಕೊಡಗಿನ ಹಂದಿ. ಊರು ಮುಗೀತು, ಕೇರಿ ಬರಲೇ ಇಲ್ಲ. ಹುಡುಗ ಕೇಳಿದ: 'ಅಣ್ಣ, ನಮ್ಮವ್ವ ಮಾಡೋದು ಯಾವ ಜಿಲ್ಲೇದು?'

ಈ ಪ್ರಶ್ನೆಗೆ ಉತ್ತರ ಕೊಡದ ಪುಸ್ತಕಕ್ಕೆ ದುಡ್ಡು ಹಾಕಬೇಡಿ ಎಂದು ನಾವು ಹೇಳುತ್ತೇವೆ.

ಕೊಳ್ಳೋ ಮುಂಚೆ ಸೂಚಿ ತೆಗೆದು ನೋಡಿ. ದನದ ಬಾಡು ಅನ್ನೋ ಮಾತು ಐತಾ? ಬೋಟಿ? ರಕ್ತದ ಪಲ್ಯ? ಗದ್ದೆ ಏಡಿ? ಕಳೆ ಕೀಳೋವಾಗ ನಮ್ಮ ಹೆಣ್ಣುಮಕ್ಕಳು ಮಡಿಲಿಗೆ ಕಟ್ಟಿಕೊಂಡು ಬರೋ ಅಣ್ಣೆ ಸೊಪ್ಪು, ಬೆರಕೆ ಸೊಪ್ಪು? ಇಲ್ಲದಿದ್ದರೆ ಅದು ನಾಡಿನ ಅಡಿಗೆ ಅಲ್ಲ, ಒಂದೆರಡು ಬೀದಿಯ ಅಡಿಗೆ. ಬೀದಿಯ ಅಡಿಗೆಯನ್ನೂ ಬರೀಲಿ, ಯಾರು ಬೇಡ ಅಂದರು? ಮುಂಬಯಿಯ ಸಾರಸ್ವತ ಮಹಿಳಾ ಸಮಾಜದ 'ರಸಚಂದ್ರಿಕಾ' ತನ್ನನ್ನು ಸಾರಸ್ವತರ ಅಡಿಗೆ ಪುಸ್ತಕ ಎಂದೇ ಕರೆದುಕೊಳ್ಳುತ್ತದೆ. ಅದು ಪ್ರಾಮಾಣಿಕತನ. ನಮ್ಮ ಜಗಳ ಇರುವುದು ತನ್ನ ಮನೆಯ ಒಲೆಗೆ ನಾಡಿನ ಹೆಸರಿಡುವವರ ಜೊತೆ.

ಇವರು ಹಳೇ ಗ್ರಂಥ ತೋರಿಸ್ತಾರೆ. 16ನೇ ಶತಮಾನದ ಮೂರನೇ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಬಾಡೇ ಇಲ್ಲ, ನೋಡಿ ಕನ್ನಡದ ಸಂಸ್ಕೃತಿ ಅಂತಾರೆ. ಮಂಗರಸ ಜೈನ, ತನ್ನ ಧರ್ಮದಂತೆ ಬರೆದ, ಸರಿ. ಹಾಗಾದರೆ ಅವನಿಗಿಂತ ನಾನೂರು ವರ್ಷ ಹಿಂದೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಯಾಕೆ ತೆಗೆಯೋದಿಲ್ಲ? ಅದರಲ್ಲಿ ಹಂದಿ ಸುಡುವುದಿದೆ, ಆಮೆ ಇದೆ, ಹೊಲದ ಇಲಿಯನ್ನು ಹಸನು ಮಾಡಿ ಬೇಯಿಸುವ ಕ್ರಮವೂ ಇದೆ. ಅರಸ ತಿಂದು ಸಂಸ್ಕೃತದಲ್ಲಿ ಬರೆಸಿದರೆ ಇಲಿಯೂ ಶಾಸ್ತ್ರ. ಗದ್ದೆ ಬಿಲ ಅಗೆದು ನಾವು ತಿಂದರೆ ಹೊಲೆ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿನ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಿದ್ದರು. ಬಾಡೂಟದ ಮಂಡ್ಯದಲ್ಲಿ! ಜನ ಎದ್ದು ಬಾಡೂಟ ಹಾಕಿ ಎಂದು ಕೇಳಬೇಕಾಯಿತು. 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದರು, ಅದಕ್ಕೆ ಅವರ ಮಂತ್ರಿಗಿರಿಯೇ ಹೋಯಿತು. ಅಡಿಗೆ ಪುಸ್ತಕಗಳ ರಾಶಿ ಕಂಡಾಗ ಆ ಮಾತು ನೆನಪಿಗೆ ಬರುತ್ತದೆ. ಬೂಸಾ ಆದರೂ ದನಕ್ಕೆ ಆಗುತ್ತೆ ಬಿಡಿ.

ಹಾಗಾದರೆ ಯಾವುದನ್ನು ಓದಬೇಕು? 2009ರಲ್ಲಿ ಪುಣೆ ವಿಶ್ವವಿದ್ಯಾಲಯದ ಸಾವಿತ್ರಿಬಾಯಿ ಫುಲೆ ಸ್ತ್ರೀ ಅಧ್ಯಯನ ಕೇಂದ್ರದಿಂದ ಶರ್ಮಿಳಾ ರೇಗೆ ಮತ್ತು ಗೆಳತಿಯರು ದಲಿತರ ಊಟದ ಚರಿತ್ರೆ, ನೆನಪುಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಈ ತಟ್ಟೆ ಭಾರತದ್ದಲ್ಲವೇ ಎಂಬುದೇ ಅದರ ಹೆಸರು. ಅಡಿಗೆಯ ಜೊತೆ ಹಸಿವನ್ನೂ ಬರೆದಿದ್ದಾರೆ. 2015ರಲ್ಲಿ ಶಾಹು ಪಾಟೋಳೆ ಮರಾಠಿಯಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಬರೆದರು. ಅನ್ನ ಪೂರ್ಣಬ್ರಹ್ಮ ಎಂದು ಹಾಡಿಕೊಂಡು ಉಣ್ಣುವವರಿಗೆ ಹೆಸರಿನಲ್ಲೇ ಏಟು. ಮರಾಠವಾಡದ ಮಹಾರ, ಮಾಂಗ ಮನೆಗಳ ಒಲೆ ಅದು: ಸೀಳಿ ಒಣಗಿಸಿಟ್ಟ ದನದ ಬಾಡು, ಹೆಪ್ಪುಗಟ್ಟಿದ ರಕ್ತದ ಅಡಿಗೆ, ತುಪ್ಪ ಕಾಣದ ಸಾರು. ಇಂಗ್ಲಿಷಿಗೆ 2024ರಲ್ಲಿ ಬಂತು. ನಮ್ಮ ಬೀದರಿನ ಪಕ್ಕದ ಸೀಮೆ, ಕನ್ನಡದವರು ಓದಿದರೆ ನಮ್ಮ ಮನೆ ವಾಸನೆಯೇ ಹೊಡೆಯುತ್ತೆ. ದುಡ್ಡಿಲ್ಲದಿದ್ದರೆ ಲೈಬ್ರರಿಗೆ ಹೋಗಿ ದೇವನೂರರ 'ಒಡಲಾಳ' ತೆಗೆಯಿರಿ. ಕದ್ದು ತಂದ ಕಡ್ಲೆಕಾಯಿಯನ್ನು ಒಂದು ಮನೆ ರಾತ್ರಿಯೆಲ್ಲ ಕೂತು ತಿನ್ನುತ್ತದೆ. ಊಟದ ಬಗ್ಗೆ ಅದಕ್ಕಿಂತ ದೊಡ್ಡ ಪುಸ್ತಕ ನಮಗೆ ಗೊತ್ತಿಲ್ಲ.

ಇಲ್ಲಿ ನಮ್ಮವರೇ ಒಂದು ಮಾತು ಎತ್ತುತ್ತಾರೆ. ಸತ್ತ ದನ ಬಿಡಿ, ಎಂಜಲು ಬಿಡಿ ಎಂದು ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲೇ ಹೇಳಿದರಲ್ಲ, ಈಗ ಅದನ್ನೇ ಬರೆದು ಮೆರೆಸುವುದು ಯಾಕೆ? ಮೆರೆಸಿ ಎಂದು ನಾವೂ ಹೇಳುತ್ತಿಲ್ಲ. ಬಿಟ್ಟದ್ದು ನಮ್ಮ ಸ್ವಾಭಿಮಾನ, ಅಳಿಸಿದ್ದು ಅವರ ಸೊಕ್ಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅದೇ ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರು ಯಾರು ಎಂದು ಪುಸ್ತಕ ಬರೆದಾಗ, ಯಾರು ದನ ತಿನ್ನುತ್ತಿದ್ದರು, ಯಾರು ಯಾಕೆ ಬಿಟ್ಟರು ಎಂದು ಅಧ್ಯಾಯಗಟ್ಟಲೆ ಬಿಡಿಸಿಟ್ಟರು. ನಾಚಿಕೆಪಟ್ಟು ಮುಚ್ಚಿಡಲಿಲ್ಲ. ಈಗ ನಮ್ಮ ರಾಜ್ಯದ 2020ರ ಕಾಯ್ದೆ ದನ ಕಡಿದವರಿಗೆ ಮೂರರಿಂದ ಏಳು ವರ್ಷ ಜೈಲು ಎನ್ನುತ್ತದೆ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ತಟ್ಟೆಯಿಂದ ಕಾನೂನು ತೆಗೆದದ್ದನ್ನು ಪುಸ್ತಕದಿಂದಲೂ ತೆಗೆದರೆ, ನಾಳೆ ನಮ್ಮ ಮಕ್ಕಳಿಗೆ ಇದು ಇತ್ತು ಅನ್ನೋದೇ ಗೊತ್ತಿರೋದಿಲ್ಲ.

ಇನ್ನು ವೈನು. ಹುಡುಗನ ಕೈಗೆ ಕೊಟ್ಟ ವೈನ್ ಪುಸ್ತಕದಲ್ಲಿ ಮಣ್ಣಿನ ರುಚಿ, ಇಬ್ಬನಿಯ ರುಚಿ ಎಂದು ಪುಟಗಟ್ಟಲೆ ಇತ್ತು. ದ್ರಾಕ್ಷಿ ಬಳ್ಳಿ ಸವರುವ ಕೂಲಿ ಹೆಂಗಸಿನ ಮಾತು ಒಂದು ಸಾಲೂ ಇಲ್ಲ. ಈಚಲ ಮರಕ್ಕೆ ಮಣ್ಣಿಲ್ಲವಾ ಸ್ವಾಮಿ? ಸಂಜೆ ಮಡಕೆ ಕಟ್ಟಿದರೆ ಬೆಳಿಗ್ಗೆ ಸಿಹಿ, ಬಿಸಿಲೇರಿದ ಹಾಗೆ ಹುಳಿ. ಅದು ಹೆಂಡ. ಇದು ವೈನು, ಇದಕ್ಕೆ ಗ್ಲಾಸು ಬೇರೆ, ಪುಸ್ತಕ ಬೇರೆ, ಸರ್ಕಾರದ ಮಂಡಳಿಯೂ ಬೇರೆ. 2007ರ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ವೈನ್ ನೀತಿ ಬಂತು.

ಸಾರಾಯಿಗೆ ನಾವು ಅಳುತ್ತಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹೆಂಡ ಬೇಡ, ವಸತಿ ಶಾಲೆ ಕೊಡಿ ಎಂದು ಬೀದಿಗಿಳಿದದ್ದು ನಮ್ಮ ಚಳವಳಿಯೇ. ಕುಡಿಯಿರಿ ಎಂದು ಈಗಲೂ ಹೇಳೋದಿಲ್ಲ. ಆದರೆ ಹೋಟೆಲ್ ಕೆಲಸಕ್ಕೆ ಹೋಗೋ ಹುಡುಗ ಇದನ್ನು ಓದಲೇಬೇಕು. ಓದುವಾಗ ಮರ ಹತ್ತಿದವನು ಯಾರು, ಗುತ್ತಿಗೆ ಹಿಡಿದವನು ಯಾರು, ಸತ್ತವನು ಯಾರು ಎಂದು ಹೇಳುವ ಪುಸ್ತಕ ಹುಡುಕಿ. ಬಾಟಲಿಯ ಚೀಟಿ ಓದಿ ಹೇಳುವ ಪುಸ್ತಕವನ್ನು ಪರೀಕ್ಷೆಗೆ ಲೈಬ್ರರಿಯಿಂದ ತಂದು ವಾಪಸ್ಸು ಕೊಟ್ಟರೆ ಸಾಕು.

ಅವತ್ತು ಅಂಗಡಿಯಲ್ಲಿ ಏನೂ ಕೊಳ್ಳಲಿಲ್ಲ. ಹುಡುಗ ಒಂದು ನೂರು ಹಾಳೆಯ ನೋಟುಬುಕ್ಕು ತಗೊಂಡ. ಅವನ ಅವ್ವ ಹೇಳಿದ ಬೋಟಿ ಸಾರು, ಹುರುಳಿ ಕಟ್ಟು, ಬರಗಾಲದಲ್ಲಿ ಅಗೆದು ತಿಂದ ಗೆಡ್ಡೆಗಳು ಹನ್ನೊಂದು ಪುಟ ಆಗಿವೆ. ಮುಂದಿನ ಸಭೆಗೆ ಬರುವವರು ನಿಮ್ಮ ಅವ್ವ, ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ. ಊರು, ತಾಲ್ಲೂಕು ಹಾಕಿ. ಬರೆಯೋಕೆ ಬಾರದವರು ಬಾಯಲ್ಲಿ ಹೇಳಿ, ನಾವು ಬರ್ಕೋತೀವಿ.