ಡಂಬೋ ತಾಯಿಯ ಸೊಂಡಿಲು ಮತ್ತು ಕಾಕನಕೋಟೆಯ ದೊಡ್ಡಿ

ಕಾರ್ಟೂನ್ ನೋಡಿ ಅತ್ತೆ ಎಂದು ಹೇಳಿಕೊಂಡವರನ್ನು ನಮ್ಮ ಸಾಹಿತ್ಯವಲಯ ಒಂದು ಬಗೆಯ ಮರುಕದಿಂದ ನೋಡುತ್ತದೆ. ಬರ್ಗ್‌ಮನ್ ಸಿನಿಮಾ ನೋಡಿ ಕಣ್ಣು ಒದ್ದೆಯಾದರೆ ಅದು ಅಭಿರುಚಿ, ಡಿಸ್ನಿ ನೋಡಿ ಒದ್ದೆಯಾದರೆ ಬಾಲಿಶತನ. ಈಚೆಗೆ ಗೋಷ್ಠಿಯೊಂದರ ಚಹಾ ವಿರಾಮದಲ್ಲಿ ನಾನು ‘ಡಂಬೋ’ ಹೆಸರೆತ್ತಿದಾಗ ಹಿರಿಯರೊಬ್ಬರು, “ಅದು ಗುಂಡಿ ಒತ್ತಿದರೆ ಬರೋ ಕಣ್ಣೀರು ಕಣಯ್ಯಾ” ಅಂದರು. ಅಲ್ಲಿ ಸುಮ್ಮನಿದ್ದೆ. ಆ ಮಾತಿಗೆ ನಾನು ಕೊಡಬೇಕಿದ್ದ ಉತ್ತರ ಚಹಾ ವಿರಾಮಕ್ಕಿಂತ ಉದ್ದವಾದದ್ದು, ಮತ್ತು ಅದು ಹಾಲಿವುಡ್ಡಿನಿಂದ ಹೊರಟು ಹೆಗ್ಗಡದೇವನಕೋಟೆಯ ಕಾಡಿನವರೆಗೂ ಬರುತ್ತದೆ.

1941ರ ‘ಡಂಬೋ’ ಬಹುಮಟ್ಟಿಗೆ ಎಲ್ಲರಿಗೂ ಗೊತ್ತು. ಸರ್ಕಸ್ಸಿನ ಆನೆಗೆ ದೊಡ್ಡ ಕಿವಿಯ ಮರಿ ಹುಟ್ಟುತ್ತದೆ. ಮರಿಯನ್ನು ಕಾಡಿದ ಹುಡುಗರ ಮೇಲೆ ತಾಯಿ ಸಿಟ್ಟಾಗುತ್ತಾಳೆ. ಅವಳಿಗೆ ಹುಚ್ಚಾನೆ ಎಂಬ ಹಣೆಪಟ್ಟಿ ಹಚ್ಚಿ, ಕಾಲಿಗೆ ಸರಪಳಿ ಬಿಗಿದು ಬೇರೆ ಬಂಡಿಯಲ್ಲಿ ಕೂಡಿಹಾಕುತ್ತಾರೆ. ಕೊನೆಗೆ ಮರಿ ತನ್ನ ಕಿವಿಗಳಿಂದಲೇ ಹಾರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಥೆಯ ಲೆಕ್ಕದಲ್ಲಿ ಕ್ಲೈಮ್ಯಾಕ್ಸ್ ಈ ಹಾರಾಟವೇ. ಆದರೆ ಅರವತ್ತನಾಲ್ಕು ನಿಮಿಷದ ಈ ಚಿತ್ರ ನೋಡಿದವರಲ್ಲಿ ಎಷ್ಟು ಮಂದಿಗೆ ಹಾರಾಟ ನೆನಪಿನಲ್ಲಿ ಉಳಿಯುತ್ತದೆ, ಕೇಳಿ ನೋಡಿ. ಉಳಿಯುವುದು ಅದಕ್ಕೆ ಮುಂಚಿನ ರಾತ್ರಿಯ ಭೇಟಿ. ಚಿತ್ರದ ನಿಜವಾದ ಶಿಖರ ಅದೇ ಎಂದು ನನ್ನ ವಾದ.

ಪುಟ್ಟ ಇಲಿಯೊಂದು ಮರಿಯನ್ನು ತಾಯಿಯ ಬಂಡಿಯ ಬಳಿಗೆ ಕರೆತರುತ್ತದೆ. ಸರಪಳಿ ಎಳೆದು ಎಳೆದು ತಾಯಿ ಕಿಟಕಿಯವರೆಗೆ ಬರಲು ನೋಡುತ್ತಾಳೆ, ಆಗುವುದಿಲ್ಲ. ಸೊಂಡಿಲು ಮಾತ್ರ ಸರಳುಗಳ ನಡುವಿನಿಂದ ಹೊರಗೆ ಬರುತ್ತದೆ. ಕುರುಡರ ಕೈಯಂತೆ ಗಾಳಿಯಲ್ಲಿ ಹುಡುಕುತ್ತದೆ. ಮರಿ ಸಿಕ್ಕ ಕೂಡಲೇ ತಲೆ, ಕಿವಿ, ಕೆನ್ನೆ ಎಲ್ಲವನ್ನೂ ಸವರಿ ನೋಡುತ್ತದೆ. ಆಮೇಲೆ ಅದೇ ಸೊಂಡಿಲು ತೊಟ್ಟಿಲಾಗುತ್ತದೆ. ಹಿನ್ನೆಲೆಯಲ್ಲಿ ಜೋಗುಳ, ಫ್ರಾಂಕ್ ಚರ್ಚಿಲ್ ಸಂಗೀತ, ಬೆಟ್ಟಿ ನೋಯ್ಸ್ ಕಂಠ. ನಡುನಡುವೆ ಸರ್ಕಸ್ಸಿನ ಉಳಿದ ಪ್ರಾಣಿಗಳು ತಮ್ಮ ತಮ್ಮ ಮರಿಗಳನ್ನು ತಬ್ಬಿ ಮಲಗಿರುವ ನೋಟಗಳು. ನೀರಿನಡಿಯ ನೀರಾನೆಯೂ ಮರಿಯ ಜೊತೆಗಿದೆ. ಆನೆಗೆ ಮಾತ್ರ ನಡುವೆ ಕಬ್ಬಿಣ.

ಇದರಲ್ಲಿ ಗುಂಡಿ ಒತ್ತುವ ಕೆಲಸ ಎಲ್ಲಿದೆ? ಡಂಬೋ ಇಡೀ ಚಿತ್ರದಲ್ಲಿ ಒಂದು ಮಾತೂ ಆಡುವುದಿಲ್ಲ. ತಾಯಿಯ ಬಾಯಿಂದ ಬರುವುದು ಮಗುವಿನ ಹೆಸರೊಂದೇ. ಮಾತು, ಮುಖ, ಕಣ್ಣೀರಿನ ಭಾಷಣ ಎಲ್ಲವನ್ನೂ ತೆಗೆದುಹಾಕಿ ಒಂದು ಅಂಗಕ್ಕೆ ಇಡೀ ಭಾರ ಹೊರಿಸಿದ ದೃಶ್ಯ ಇದು. ಡಂಬೋವನ್ನು ಬರೆದ ಬಿಲ್ ಟೈಟ್ಲಾಗೆ ಆಗ ಮನೆಯಲ್ಲಿ ಪುಟ್ಟ ಮಗನಿದ್ದ, ಮರಿಯಾನೆಯ ಚಲನೆಯೆಲ್ಲ ಆ ಕೂಸಿನಿಂದ ಬಂದದ್ದು. ಪ್ರಾಣಿಗೆ ಮನುಷ್ಯರ ಭಾವ ಅಂಟಿಸುವುದು ಸುಳ್ಳು ಎಂಬ ಆಕ್ಷೇಪ ಈ ದೃಶ್ಯಕ್ಕೆ ತಾಗುವುದಿಲ್ಲ, ಏಕೆಂದರೆ ಇಲ್ಲಿ ಆನೆ ಮಾಡುವುದನ್ನೆಲ್ಲ ಆನೆ ಮಾಡುತ್ತದೆ. ಕಬಿನಿ ಹಿನ್ನೀರಿನ ಅಂಚಿನಲ್ಲಿ ಬೇಸಿಗೆಯ ಸಂಜೆ ಹಿಂಡು ನಿಂತಾಗ ನೋಡಿ: ಎರಡು ನಿಮಿಷಕ್ಕೊಮ್ಮೆ ತಾಯಿಯ ಸೊಂಡಿಲು ಮರಿಯನ್ನು ಮುಟ್ಟಿ ಬರುತ್ತದೆ. ಆ ಚಿತ್ರದಲ್ಲಿ ಸುಳ್ಳು ಬೇರೆ ಕಡೆ ಇದೆ. ಕಪ್ಪುಜನರನ್ನು ಅಣಕಿಸುವ ಕಾಗೆಗಳಲ್ಲಿದೆ. ಅದಕ್ಕಿಂತ ದೊಡ್ಡ ಸುಳ್ಳು ಮುಕ್ತಾಯದಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಮ್ಮ ಕಡೆಗೆ. ನಾನು ಕೋಟೆ ತಾಲ್ಲೂಕಿನವನು. ನಮ್ಮಲ್ಲಿ ಕಾಕನಕೋಟೆ ಎಂದರೆ ಸಾಹಿತ್ಯದವರಿಗೆ ಮಾಸ್ತಿಯವರ ನಾಟಕ, ಸಿನಿಮಾದವರಿಗೆ ಸಿ.ಆರ್. ಸಿಂಹ ನಿರ್ದೇಶಿಸಿದ 1977ರ ಚಿತ್ರ, ಮಿಕ್ಕವರಿಗೆ ಖೆಡ್ಡಾ. ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಕಡೆ ಶುರುಮಾಡಿದ ಈ ಪದ್ಧತಿ ಕಾಕನಕೋಟೆಯಲ್ಲಿ 1971ರವರೆಗೂ ನಡೆಯಿತು. ತಮಟೆ, ಬೆಂಕಿ, ಬಂದೂಕಿನ ಸದ್ದಿನಿಂದ ಇಡೀ ಹಿಂಡನ್ನು ಸುತ್ತುವರಿದು, ನದಿ ದಾಟಿಸಿ, ಮರದ ದಿಮ್ಮಿಗಳ ದೊಡ್ಡಿಯೊಳಕ್ಕೆ ನುಗ್ಗಿಸುವುದು. ಆಮೇಲೆ ಪಳಗಿದ ಆನೆಗಳ ಮೇಲೆ ಮಾವುತರು ಒಳಹೊಕ್ಕು, ಒಂದೊಂದೇ ಆನೆಯ ಕಾಲಿಗೆ ಹಗ್ಗ ಹಾಕಿ ಹಿಂಡಿನಿಂದ ಎಳೆಯುವುದು. ಇದನ್ನು ನೋಡಲು ಅಟ್ಟಣಿಗೆ ಕಟ್ಟುತ್ತಿದ್ದರು. ವೈಸರಾಯ್‌ಗಳು, ರಾಜಕುಮಾರರು ಅಲ್ಲಿ ಕೂತು ನೋಡಿದರು. ನಾವು ಇಂದಿಗೂ ಇದನ್ನು ‘ಖೆಡ್ಡಾ ವೈಭವ’ ಎಂದು ಬರೆಯುತ್ತೇವೆ. ಆ ಎರಡನೆಯ ಪದದ ಮೇಲೆ ನನಗೆ ತಕರಾರು.

ಖೆಡ್ಡಾವನ್ನು ಕ್ಯಾಮೆರಾ ಸಾಕಷ್ಟು ನೋಡಿದೆ. ರಾಬರ್ಟ್ ಫ್ಲಾಹರ್ಟಿ ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ಬಂದದ್ದು ಇದೇ ಕಾರಾಪುರಕ್ಕೆ. ಮಾವುತನ ಮಗ ಸಾಬು ಅಲ್ಲಿಂದಲೇ ಲೋಕಪ್ರಸಿದ್ಧನಾದ. 1937ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ನಿಜವಾದ ಕಾಡಾನೆಗಳ ನಿಜವಾದ ಹಿಂಡು ಓಡುತ್ತದೆ. ನೋಡಿದರೆ ಮೈ ಜುಮ್ಮೆನ್ನುತ್ತದೆ, ಅಷ್ಟೇ. ದೂರದಿಂದ ಹಿಂಡು ಒಂದೇ ಬೂದುಬಣ್ಣದ ಪ್ರವಾಹ. ಅದರೊಳಗೆ ಯಾರ ಮರಿ ಯಾರ ಕಾಲಡಿಯಲ್ಲಿದೆ ಎಂಬುದು ಕಾಣುವುದಿಲ್ಲ, ಏಕೆಂದರೆ ಕ್ಯಾಮೆರಾ ಇದ್ದದ್ದು ಅಟ್ಟಣಿಗೆಯವರ ಕಡೆ. ನಾಲ್ಕೇ ವರ್ಷಗಳ ನಂತರ, ಒಂದೂ ನಿಜವಾದ ಆನೆಯಿಲ್ಲದ, ಬರೀ ಗೆರೆ ಬಣ್ಣಗಳ ಚಿತ್ರ ಸರಳಿನ ಹತ್ತಿರ ಹೋಗಿ ನಿಂತಿತು. ನಿಜ ಆನೆಯ ಚಿತ್ರ ತೋರಿಸದ್ದನ್ನು ಬರೆದ ಆನೆ ತೋರಿಸಿತು. ಅನಿಮೇಶನ್ ಮಕ್ಕಳಾಟ ಎನ್ನುವವರು ಈ ಎರಡು ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಬೇಕಾದರೆ ಮೂರನೆಯದಾಗಿ ಟಿಮ್ ಬರ್ಟನ್ 2019ರಲ್ಲಿ ಮಾಡಿದ ಹೊಸ ‘ಡಂಬೋ’ವನ್ನೂ ಸೇರಿಸಿಕೊಳ್ಳಿ. ಅದರಲ್ಲಿ ಆನೆಯ ಚರ್ಮದ ಸುಕ್ಕು ಸುಕ್ಕೂ ಕಾಣುತ್ತದೆ, ಗಂಟಲು ಮಾತ್ರ ಕಟ್ಟುವುದಿಲ್ಲ.

ಇಷ್ಟಕ್ಕೂ, ಪ್ರಾಣಿಯ ಅಗಲಿಕೆಗೆ ಅಳುವುದು ಬಾಲಿಶ ಎಂದು ನಮಗೆ ಹೇಳಿಕೊಟ್ಟವರು ಯಾರು? ನಮ್ಮ ಆದಿಕಾವ್ಯ ಜೊತೆಗಾರನನ್ನು ಕಳೆದುಕೊಂಡ ಕ್ರೌಂಚ ಪಕ್ಷಿಯ ಕೂಗಿನಿಂದ ಹುಟ್ಟಿದ್ದೆಂದು ತರಗತಿಯಲ್ಲಿ ಪಾಠ ಹೇಳುತ್ತೇವೆ. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ದೊಡ್ಡಿಗೆ ಮರಳಿ ಕರುವಿಗೆ ಹಾಲುಣಿಸುವ ಭಾಗಕ್ಕೆ ಅಳದೆ ಬೆಳೆದ ಕನ್ನಡದ ಮಗು ಇದೆಯೇ? ಅಲ್ಲಿ ದೊಡ್ಡಿ ಕರು ಕಾಯುವ ಜಾಗ. ಕಾಕನಕೋಟೆಯಲ್ಲಿ ಅದೇ ಪದಕ್ಕೆ ಬೇರೆ ಕೆಲಸ ಬಿತ್ತು.

ಅರ್ಜುನನ ವಿಷಯಕ್ಕೆ ಬರದೆ ಈ ಮಾತು ಪೂರ್ತಿಯಾಗುವುದಿಲ್ಲ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಮದವೇರಿದ ಸಲಗದೊಂದಿಗೆ ಕಾದಾಡಿ ಸತ್ತ. ನಾಡೇ ಅತ್ತಿತು. ಮಾವುತ ಸಮಾಧಿಯ ಬಳಿ ಬಿದ್ದು ಹೊರಳಾಡಿ ಅತ್ತದ್ದನ್ನು ಟಿವಿಯಲ್ಲಿ ನೋಡಿ ನಾನೂ ಅತ್ತೆ. ಆ ಕಣ್ಣೀರನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಅರ್ಜುನ ಸಿಕ್ಕಿದ್ದು 1968ರಲ್ಲಿ, ಕಾಕನಕೋಟೆಯ ಖೆಡ್ಡಾದಲ್ಲಿ. ಸಾಯುವಾಗ ಅವನ ವಯಸ್ಸು ಸುಮಾರು 64. ಕಳೆದು ನೋಡಿ: ದೊಡ್ಡಿಗೆ ಬಿದ್ದಾಗ ಅವನು ಎಂಟೊಂಬತ್ತು ವರ್ಷದವನು. ಆ ವಯಸ್ಸಿನ ಗಂಡುಮರಿ ಸಾಮಾನ್ಯವಾಗಿ ಇನ್ನೂ ತಾಯಿಯ ಹಿಂಡಿನಲ್ಲೇ ಇರುತ್ತದೆ. ನಾವು ಅತ್ತದ್ದು ಐವತ್ತೈದು ವರ್ಷ ತಡವಾಗಿ, ಅದೂ ಕಥೆಯ ಕೊನೆಯ ದೃಶ್ಯಕ್ಕೆ.

ಇಲ್ಲಿಗೇ ‘ಡಂಬೋ’ ಮುಕ್ತಾಯದ ಸುಳ್ಳು ಬಂದು ಸೇರುತ್ತದೆ. ಮರಿ ಹಾರಿ ಪ್ರಸಿದ್ಧವಾದ ಮೇಲೆ ತಾಯಿಗೆ ಸಿಗುವುದೇನು? ಅದೇ ಸರ್ಕಸ್ ರೈಲಿಗೆ ಜೋಡಿಸಿದ ಥಳಥಳಿಸುವ ಖಾಸಗಿ ಬೋಗಿ. ಸರಪಳಿ ಹೋಯಿತು, ಸರ್ಕಸ್ ಉಳಿಯಿತು. ಪ್ರೇಕ್ಷಕ ಅದನ್ನೇ ಬಿಡುಗಡೆ ಎಂದು ತಿಳಿದು ಎದ್ದು ಹೋಗುತ್ತಾನೆ. ನಮ್ಮ ಅಂಬಾರಿಯೂ ನನಗೆ ಆ ಬೋಗಿಯ ಹಾಗೇ ಕಾಣುತ್ತದೆ. ಮೆರವಣಿಗೆಯ ಹೊಳಪಿನಲ್ಲಿ ದೊಡ್ಡಿಯ ರಾತ್ರಿ ಮರೆತುಹೋಗುತ್ತದೆ. ಹೀಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಮಾವುತರ ಪ್ರೀತಿ ಸುಳ್ಳೇ ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ಖೆಡ್ಡಾದ ಜಾಡು ಹಿಡಿದವರು, ಆನೆ ಪಳಗಿಸಿದವರು ಬಹುಪಾಲು ಜೇನುಕುರುಬರು, ಕಾಡುಕುರುಬರು. ಅಟ್ಟಣಿಗೆಯಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ, ಆಮೇಲೆ ಕಾಡು ರಾಷ್ಟ್ರೀಯ ಉದ್ಯಾನವಾದಾಗ, ಅವರನ್ನೂ ಅವರ ಹಾಡಿಗಳಿಂದ ಎಬ್ಬಿಸಲಾಯಿತು. ಹಿಂಡಿನಿಂದ ಬೇರೆಯಾಗುವುದು ಏನೆಂದು ಅವರಿಗೆ ಯಾರೂ ಸಿನಿಮಾ ತೋರಿಸಿ ಕಲಿಸಬೇಕಿಲ್ಲ. ಬೆಳೆ ತುಳಿಸಿಕೊಂಡ, ಮನೆಯವರನ್ನು ಆನೆಗೆ ಕಳೆದುಕೊಂಡ ರೈತನ ಮುಂದೆ ನಿಂತು ಆನೆ ಹಿಡಿಯಬೇಡಿ ಎನ್ನುವ ಧೈರ್ಯವೂ ನನಗಿಲ್ಲ, ಆ ರೈತರು ನನ್ನ ನೆರೆಯವರೇ. ಇಂದಿಗೂ ಹಿಡಿದ ಆನೆಯನ್ನು ದಪ್ಪ ದಿಮ್ಮಿಗಳ ಕ್ರಾಲ್‌ನಲ್ಲಿ ನಿಲ್ಲಿಸುತ್ತಾರೆ. ಆ ದಿಮ್ಮಿಗಳ ಸಂದಿಯಿಂದಲೂ ಸೊಂಡಿಲು ಹೊರಗೆ ಬರುತ್ತದೆ. ಹಿಡಿಯುವುದು ಅನಿವಾರ್ಯವಾದಾಗ ಹಿಡಿಯಿರಿ. ಅದಕ್ಕೆ ವೈಭವ ಎಂದು ಹೆಸರಿಡಬೇಡಿ ಎಂಬುದಷ್ಟೇ ನನ್ನ ಜಗಳ.

ಪ್ರತಿವರ್ಷ ದಸರಾಕ್ಕೆ ಮುಂಚೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಪತ್ರಿಕೆಗಳಲ್ಲಿ ಒಂದೊಂದು ಆನೆಯ ಪರಿಚಯ ಬರುತ್ತದೆ: ಹೆಸರು, ವಯಸ್ಸು, ಎತ್ತರ, ತೂಕ, ಸೆರೆಹಿಡಿದ ವರ್ಷ, ಸ್ಥಳ. ನಾವು ಅದನ್ನು ಕ್ರಿಕೆಟ್ ಆಟಗಾರರ ಅಂಕಿಅಂಶದಂತೆ ಓದಿ ಮುಗಿಸುತ್ತೇವೆ. ಮುಂದಿನ ಸಲ ಸೆರೆಹಿಡಿದ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆದು ನೋಡಿ. ಉತ್ತರ ಒಂದಂಕಿಯಲ್ಲಿ ಬಂದರೆ, ಮೆರವಣಿಗೆಗೆ ಹೋಗುವ ಹಿಂದಿನ ರಾತ್ರಿ ‘ಡಂಬೋ’ದ ಆ ದೃಶ್ಯ ಹಾಕಿಕೊಂಡು ಕೂತುಕೊಳ್ಳಿ.