ಓಟದ ನಿಯಮವೂ ಹಿಮದ ಅಪವಾದವೂ

ಊರು ಎಂಬ ಪದಕ್ಕೆ ‘ಅನ್ನು’ ಪ್ರತ್ಯಯ ಸೇರಿದಾಗ ಉಕಾರವು ಲೋಪವಾಗಿ ‘ಊರನ್ನು’ ಎಂದಾಗುವುದು. ಗುರು ಎಂಬ ಪದಕ್ಕೆ ಅದೇ ಪ್ರತ್ಯಯ ಸೇರಿದಾಗ ‘ಗುರನ್ನು’ ಎಂದಾಗದೆ, ವಕಾರವು ಆಗಮವಾಗಿ ‘ಗುರುವನ್ನು’ ಎಂದಾಗುವುದು. ಅರ್ಥ ಕೆಡದಿದ್ದರೆ ಲೋಪ, ಕೆಡುವಂತಿದ್ದರೆ ಆಗಮ. ಇಲ್ಲಿ ನಿಯಮವು ಸೋತಿತೆಂದು ಯಾವ ವೈಯಾಕರಣನೂ ಹೇಳನು. ಅರ್ಥವನ್ನು ಕಾಯುವುದಕ್ಕಾಗಿಯೇ ನಿಯಮವಿದೆ. ಆದುದರಿಂದ ಅಪವಾದವೂ ಶಾಸ್ತ್ರದ ಒಂದು ಅಂಗವೇ. ಈ ವಿವೇಕವು ಶರೀರಸಾಧನೆಗೂ ಸಲ್ಲುವುದೆಂಬುದನ್ನು ಓಟಗಾರರ ಒಂದು ಸಂಕಟದ ಮೂಲಕ ವಾಚಕರ ಮುಂದಿಡಬಯಸುತ್ತೇನೆ.

ಅಮೆರಿಕದ ಬಾಸ್ಟನ್ ನಗರದಲ್ಲಿ 1897ರಲ್ಲಿ ಆರಂಭವಾದ ಮ್ಯಾರಥಾನ್ ಓಟವು ಈಗ ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ನಡೆಯುತ್ತದೆ. ಓಡಬೇಕಾದ ದೂರ 42.195 ಕಿಲೋಮೀಟರ್. ಇದಕ್ಕೆ ಹದಿನಾರು ಹದಿನೆಂಟು ವಾರಗಳ ಅಭ್ಯಾಸಕ್ರಮವನ್ನು ಹಾಕಿಕೊಳ್ಳುವುದು ವಾಡಿಕೆ. ಎಂದರೆ ಡಿಸೆಂಬರಿನಲ್ಲಿಯೇ ಆರಂಭ. ಆ ಸೀಮೆಯ ಘೋರ ಚಳಿಗಾಲವೆಲ್ಲ ಅಭ್ಯಾಸದ ಕಾಲವೇ ಆಯಿತು. 2014-15ರ ಚಳಿಗಾಲದಲ್ಲಂತೂ ಆ ನಗರದ ಮೇಲೆ ಸುಮಾರು 110 ಅಂಗುಲ ಹಿಮ ಸುರಿದು ಹಿಂದಿನ ದಾಖಲೆಗಳೆಲ್ಲ ಮುರಿದುವು. ಆದರೂ 2015ರ ಏಪ್ರಿಲ್ 20ರಂದು ಓಟ ನಡೆದೇ ನಡೆಯಿತು. ಉದ್ಯೋಗನಿಮಿತ್ತವಾಗಿ ಶೀತದೇಶಗಳಲ್ಲಿ ನೆಲಸಿ ಓಟದ ಹವ್ಯಾಸವನ್ನು ಬೆಳೆಸಿಕೊಂಡಿರುವ ಕನ್ನಡಿಗರಿಗೂ ಇದು ಅಪರಿಚಿತವಾದ ಕಷ್ಟವಲ್ಲ.

ಹಿಮವು ದಾರಿಗಟ್ಟಿದಾಗ ಓಟಗಾರನನ್ನು ಎರಡು ದೋಷಗಳು ಕಾಡುತ್ತವೆ. ಒಂದು ಆಲಸ್ಯ: ಒಂದು ದಿನ ತಪ್ಪಿತೆಂದು ಇಡೀ ಕ್ರಮವನ್ನೇ ಕೈಬಿಡುವುದು. ಇನ್ನೊಂದು ಹಠ: ಪಟ್ಟಿಯಲ್ಲಿ ಬರೆದಿದೆಯೆಂಬ ಒಂದೇ ಕಾರಣಕ್ಕೆ ಮಂಜುಗಡ್ಡೆಯ ಮೇಲೆ ಓಡಿ ಕಾಲು ಮುರಿದುಕೊಳ್ಳುವುದು, ಅಥವಾ ತಪ್ಪಿದ ಓಟಗಳನ್ನೆಲ್ಲ ಮರುವಾರದ ತಲೆಯ ಮೇಲೆ ಹೇರುವುದು. ಆಲಸ್ಯವನ್ನು ಎಲ್ಲರೂ ಹಳಿಯುತ್ತಾರೆ. ಹಠವನ್ನು ನಿಷ್ಠೆಯೆಂದು ಹೊಗಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಅಪಾಯಕರ.

ಹಾಗಾದರೆ ಮಾಡತಕ್ಕುದೇನು? ಎರಡು ಮೂರು ದಿನ ಓಟ ನಿಂತ ಮಾತ್ರಕ್ಕೆ ತಿಂಗಳುಗಟ್ಟಲೆ ಗಳಿಸಿದ ಬಲವು ಕರಗಿಹೋಗದು. ವಾರದ ದೀರ್ಘ ಓಟವೇ ಮುಖ್ಯವಾದುದರಿಂದ ಅದನ್ನು ಒಂದೆರಡು ದಿನ ಹಿಂದೆಮುಂದೆ ಸರಿಸಿ, ಸಣ್ಣ ಓಟಗಳನ್ನು ಬಿಟ್ಟುಬಿಡಬಹುದು. ಕಠಿನವಾದ ಎರಡು ಅಭ್ಯಾಸಗಳು ಮಾತ್ರ ಒಂದರ ಬೆನ್ನಿಗೊಂದು ಬರಕೂಡದು. ಹಿಮದ ಹಾದಿಯಲ್ಲಿ ವೇಗವನ್ನು ಎಣಿಸದೆ, ಪಟ್ಟ ಶ್ರಮವನ್ನೂ ಕಳೆದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೋಗುವಾಗ ಗಾಳಿಗೆ ಎದುರಾಗಿಯೂ ಬರುವಾಗ ಗಾಳಿಗೆ ಬೆನ್ನಾಗಿಯೂ ಓಡಬೇಕು. ಇಲ್ಲವಾದರೆ ಬೆವರಿದ ಮೈಗೆ ಶೀತಗಾಳಿ ಬಡಿಯುವುದು. ದಾರಿಯೆಲ್ಲ ಗಡ್ಡೆಕಟ್ಟಿದ ದಿನ ಒಳಾಂಗಣದ ಓಟದ ಯಂತ್ರವಿದೆ, ಮೆಟ್ಟಿಲುಗಳಿವೆ. ಎರಡು ವಾರಗಳೇ ತಪ್ಪಿದ್ದಲ್ಲಿ ಪಟ್ಟಿಯಲ್ಲಿ ಕೊಂಚ ಹಿಂದಕ್ಕೆ ಸರಿದು ಮೆಲ್ಲಮೆಲ್ಲನೆ ಏರಬೇಕು.

‘ಎಮಿಲ್ ಝಾಟೊಪೆಕ್ ಹಿಮದಲ್ಲಿಯೇ ಓಡಲಿಲ್ಲವೆ?’ ಎಂದು ಕೆಲವರು ಕೇಳಬಹುದು. ನಿಜ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲಿಯೂ ಸ್ವರ್ಣಪದಕ ಗೆದ್ದ ಆ ಚೆಕ್ ವೀರನು ಹಿಮದಲ್ಲಿ ಭಾರವಾದ ಸೈನಿಕ ಬೂಟುಗಳನ್ನು ತೊಟ್ಟು ಅಭ್ಯಾಸ ಮಾಡುತ್ತಿದ್ದನು. ಆದರೆ ಗಮನಿಸಬೇಕು: ಓಟದ ಅಂಕಣಕ್ಕೆ ತಕ್ಕ ಹಗುರವಾದ ಪಾದರಕ್ಷೆ ಹಿಮಕ್ಕೆ ಒಗ್ಗದು, ಅಲ್ಲಿ ಬೂಟೇ ತಕ್ಕುದು. ಋತುವಿಗೆ ತಕ್ಕಂತೆ ಸಾಧನವನ್ನು ಬದಲಿಸಿದ ಆತನು ಸಾಧನೆಯನ್ನು ಬಿಡಲಿಲ್ಲ.

ಋತುವನ್ನರಿತು ವ್ಯಾಯಾಮ ಮಾಡುವುದು ನಮ್ಮವರಿಗೂ ಹೊಸತಲ್ಲ. ಬಲಶಾಲಿಯೂ ಸ್ನಿಗ್ಧಾಹಾರಿಯೂ ಆದವನು ಶೀತಕಾಲದಲ್ಲಿಯೂ ವಸಂತದಲ್ಲಿಯೂ ತನ್ನ ಶಕ್ತಿಯ ಅರ್ಧದಷ್ಟು, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಮಿತವಾಗಿ ವ್ಯಾಯಾಮ ಮಾಡಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾನೆ. ಶಾಸ್ತ್ರಕಾರನೇ ಕಾಲಕ್ಕೆ ತಲೆಬಾಗಿರುವಾಗ, ಗೋಡೆಗೆ ಅಂಟಿಸಿದ ಪಟ್ಟಿಗೇಕೆ ಅಷ್ಟು ಬಿಗುಮಾನ?

ವೇಳಾಪಟ್ಟಿಗಳ ನಡುವೆಯೇ ಬಾಳುವ ಉಪಾಧ್ಯಾಯವರ್ಗಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ತಪ್ಪದೆ ನಡೆದವನಿಗೆ ನಾವು ಬಹುಮಾನ ಕೊಡುತ್ತೇವೆ, ಅದು ಯುಕ್ತವೇ. ಆದರೆ ತಡೆ ಬಂದಾಗ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲಾಗದು ಎಂಬುದನ್ನು ಬಲ್ಲ ವಿದ್ಯಾರ್ಥಿಯನ್ನೂ ನಾವು ಗುರುತಿಸಬೇಕಾಗಿದೆ. ಓಟಗಾರನ ಪಟ್ಟಿಗೂ ಒಂದು ಅರ್ಥವುಂಟು: ಅವನು ಏಪ್ರಿಲಿನಲ್ಲಿ ಅಕ್ಷತದೇಹನಾಗಿ ಆರಂಭರೇಖೆಯ ಮೇಲೆ ನಿಲ್ಲುವುದು. ಆ ಅರ್ಥ ಕೆಡದಂತೆ ಆಗುವ ಲೋಪವೂ ಆಗಮವೂ ಸಾಧುವೇ.